ಅವಳು ಕುಡಿಯದ ಕಾಫಿ

"ಒಂದು ಮಾತು ಕೇಳ್ತೇನೆ, ಬೇಜಾರು ಮಾಡ್ಬೇಡಿ. ನಮ್ಮ ಕಾಫಿಯ ಮೇಲೆ ನಿಮಗೆ ಎಂತ ಕೋಪ?"

ವಿನೋದಾ ಬೆಚ್ಚಿ ತಲೆ ಎತ್ತಿದಳು.

ಎದುರಿಗೆ ಅವನು ನಿಂತಿದ್ದ. ಹೆಗಲ ಮೇಲೆ ಟವೆಲ್ಲು, ಮೊಣಕೈವರೆಗೆ ಮಡಿಸಿದ ಅಂಗಿ. ಈ ಹೋಟೆಲಿನ ಕಾಫಿ ಕೌಂಟರಿನಲ್ಲಿ ನಿಲ್ಲುವವನು. ಇಷ್ಟು ದಿನ ದೂರದಿಂದ ನೋಡುತ್ತಿದ್ದವನು ಇವತ್ತು ಫ್ಯಾಮಿಲಿ ರೂಮಿನ ಪರದೆ ಸರಿಸಿ ಒಳಗೇ ಬಂದುಬಿಟ್ಟಿದ್ದ.

ಮೇಜಿನ ಮೇಲೆ ಹಿತ್ತಾಳೆ ಲೋಟದ ತುಂಬ ಅವಳ ಕಾಫಿ ಹಾಗೇ ಇತ್ತು. ಮೇಲೆ ಕೆನೆ ಕಟ್ಟಿತ್ತು.

"ಪ್ರತಿ ಶನಿವಾರ ಬರ್ತೀರಿ. ನಿಮ್ಮ ಅಪ್ಪ ಕುಡೀತಾರೆ. ನೀವು ಲೋಟ ಹಿಡ್ಕೊಂಡು ಕೂತು, ಆರಿದ ಮೇಲೆ ಇಟ್ಟು ಹೋಗ್ತೀರಿ. ಡಿಕಾಕ್ಷನ್ ಕಹಿ ಉಂಟಾ? ಹಾಲು ಸರಿ ಇಲ್ವಾ? ನೀವು ಹೇಳಿದ್ರೆ ಅಲ್ವಾ ನಂಗೆ ಗೊತ್ತಾಗುವುದು?"

ಅವನ ಹೆಸರು ಸುಬ್ರಾಯ. ಕರಾವಳಿಯಿಂದ ಬಂದು ಮದ್ರಾಸಿನ ತ್ರಿಪ್ಲಿಕೇನಿನಲ್ಲಿ ಹೋಟೆಲ್ ಇಟ್ಟ ಸೋದರಮಾವನ ಹತ್ತಿರ ಮೀಸೆ ಮೂಡುವ ಮೊದಲೇ ಸೇರಿದವನು. ಅವನ ಕಾಫಿಗಾಗಿ ಜನ ಮರೀನಾದ ಗಾಳಿ ಬಿಟ್ಟು ಎದ್ದು ಬರುತ್ತಿದ್ದರು. ಅಂಥವನ ಕಾಫಿಯನ್ನು ಒಬ್ಬ ಹುಡುಗಿ ವಾರ ವಾರವೂ ಮುಟ್ಟದೆ ಬಿಟ್ಟು ಹೋದರೆ ಅವನಿಗೆ ಹೇಗೆ ತಡೆದೀತು ಹೇಳಿ.

ವಿನೋದಾಳ ಮುಖ ಕೆಂಪಾಯಿತು. ಎಲೆ ಅಡಿಕೆ ತರಲು ಹೊರಗೆ ಹೋದ ಅಪ್ಪ ಇನ್ನೂ ಬಂದಿರಲಿಲ್ಲ.

'ಏನಂತ ಹೇಳಲಿ ಇವನಿಗೆ?'

"ಕೋಪ ಎಲ್ಲಾ ಏನೂ ಇಲ್ಲ. ಸುಮ್ಮಾ... ಈಗ ಕುಡೀತೀನಿ, ನೋಡಿ."

ಎರಡು ಅಂಗೈ ನಡುವೆ ಲೋಟ ಹಿಡಿದು ಎತ್ತಿದಳು. ಬೆರಳುಗಳು ಮಡಚಲಿಲ್ಲ. ಲೋಟ ಮೇಜಿನಿಂದ ಸ್ವಲ್ಪ ಮೇಲೆದ್ದು, ವಾಲಿ, ಜಾರಿತು. ಕಾಫಿ ಮೇಜಿನ ತುಂಬ ಹರಿದು ಅವನ ಕಾಲ ಮೇಲೆ ಸುರಿಯಿತು.

ಆಗ ಅವನು ಅವಳ ಕೈ ನೋಡಿದ. ಊದಿಕೊಂಡ ಗೆಣ್ಣುಗಳು, ಒಂದು ಕಡೆಗೆ ವಾಲಿದ ಬೆರಳುಗಳು...

ಅವನ ಮುಖದ ಬಣ್ಣವೇ ಇಳಿದುಹೋಯಿತು. ವಿನೋದಾ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡು, ಕುಂಟುತ್ತ, ಆದಷ್ಟು ಬೇಗ ಹೊರಗೆ ಹೋದಳು. ಅವನು ಏನೋ ಹೇಳಲು ಬಾಯಿ ತೆರೆದದ್ದು ಅವಳಿಗೆ ಕಾಣಲಿಲ್ಲ.

*

ಅದು ಐವತ್ತೊಂಬತ್ತನೇ ಇಸವಿ. ಆ ಬೆರಳುಗಳು ಒಂದು ಕಾಲದಲ್ಲಿ ಹಡಗು ಕಂಪನಿಯ ಆಫೀಸಿನಲ್ಲಿ ಟೈಪ್‌ರೈಟರ್ ಮೇಲೆ ಓಡುತ್ತಿದ್ದವು ಎಂದರೆ ಈಗ ಯಾರೂ ನಂಬುತ್ತಿರಲಿಲ್ಲ. ಬೀದಿಯಲ್ಲೇ ಮೊದಲು ಕೆಲಸಕ್ಕೆ ಹೋದ ಹುಡುಗಿ ಅವಳು. ಕತ್ತು ನೆಟ್ಟಗಿಟ್ಟುಕೊಂಡು ಟ್ರಾಮ್ ಹತ್ತುತ್ತಿದ್ದಳು. ಆಮೇಲೆ ಒಂದು ದಿನ ಬೆರಳು ಊದಿತು. ನಂತರ ಮಣಿಕಟ್ಟು, ಮಂಡಿ, ಪಾದ. ಕೆಲಸ ಹೋಯಿತು. ನೋಡಲು ಬಂದ ಗಂಡಿನ ಕಡೆಯವರು ಅವಳ ಮುಖವನ್ನಲ್ಲ, ಕೈಯನ್ನು ನೋಡಿ ಎದ್ದು ಹೋದರು.

ಪಕ್ಕದ ಮನೆ ಮಹಡಿಯಲ್ಲಿ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟ್. ಬೆಳಗಿನಿಂದ ಸಂಜೆವರೆಗೆ ಟಕಟಕ ಎಂಬ ಶಬ್ದ. ವಿನೋದಾ ಗೋಡೆ ಕಡೆ ತಿರುಗಿ ಮಲಗಿ ಅದನ್ನೇ ಕೇಳುತ್ತಿದ್ದಳು.

ಸಂಧಿವಾತ ಎಂದು ಎಲ್ಲರಿಗೂ ಗೊತ್ತಿತ್ತು. ಶನಿವಾರ ಆಸ್ಪತ್ರೆಯಲ್ಲಿ ಕರಗಿದ ಮೇಣದಲ್ಲಿ ಕೈ ಅದ್ದಿಸುತ್ತಿದ್ದರು, ಬಂಗಾರದ ಇಂಜೆಕ್ಷನ್ ಚುಚ್ಚುತ್ತಿದ್ದರು. "ಮೈಮೇಲೆ ಹಾಕಬೇಕಾದ ಬಂಗಾರ ಮೈಯೊಳಗೆ ಹೋಗ್ತಾ ಇದೆ" ಎಂದು ಅಮ್ಮ ಜಾನಕಮ್ಮ ಕಣ್ಣೊರೆಸಿಕೊಳ್ಳುತ್ತಿದ್ದಳು.

ಆದರೆ ಯಾರಿಗೂ ಗೊತ್ತಿಲ್ಲದ ಇನ್ನೊಂದು ನೋವಿತ್ತು. ಅದಕ್ಕೆ ಊತ ಇರಲಿಲ್ಲ, ಜ್ವರ ಇರಲಿಲ್ಲ. ಊಟ ರುಚಿಸುತ್ತಿರಲಿಲ್ಲ. ನೆಂಟರು ಬಂದರೆ ಮಾತು ಬೇಡವಾಗುತ್ತಿತ್ತು. ಬೆಳಗ್ಗೆ ಕಣ್ಣು ಬಿಟ್ಟ ಕೂಡಲೇ, 'ಅಯ್ಯೋ, ಇನ್ನೂ ಇದ್ದೀನಾ' ಅನ್ನಿಸುತ್ತಿತ್ತು.

ನೋವು ಬೆಳಗ್ಗೆಯೇ ಹೆಚ್ಚು. ಮೈಯೆಲ್ಲ ಮರದ ಹಾಗೆ ಬಿಗಿದುಕೊಂಡು, ಹೊರಳಲೂ ಆಗುತ್ತಿರಲಿಲ್ಲ. ಅಮ್ಮ ಒಂದು ಸಲ ಹತ್ತಿರ ಕೂತು ಕೈ ಹಿಡಿದರೆ ಸಾಕು ಅನ್ನಿಸುವ ಹೊತ್ತು ಅದು. ಆದರೆ ಜಾನಕಮ್ಮ ಬೆಳಕು ಹರಿಯುವ ಮೊದಲೇ ಸ್ನಾನ ಮಾಡಿ ಒದ್ದೆ ಸೀರೆಯಲ್ಲಿ ಬಾವಿಯಿಂದ ಮಡಿನೀರು ಸೇದುತ್ತಿದ್ದಳು. ದೇವರಿಗೆ ನೈವೇದ್ಯ ಆಗುವವರೆಗೆ ಯಾರನ್ನೂ ಮುಟ್ಟುವಂತಿಲ್ಲ. ಬಾಗಿಲ ಹೊರಗೆ ನಿಂತು ಕೂಗುತ್ತಿದ್ದಳು.

"ಏಳೇ ವಿನೋದಾ. ಹೀಗೆ ಮೂಲೆ ಹಿಡಿದು ಕೂತ್ಕೊಂಡ್ರೆ ನೋಡಿದೋರು ಕೀಲ್ಪಾಕ್ ಕೇಸು ಅಂತಾರೆ."

ಕೀಲ್ಪಾಕಿನಲ್ಲಿ ದೊಡ್ಡ ಬಂಗಲೆಗಳಿದ್ದವು, ನೆರಳು ಕೊಡುವ ಮರಗಳಿದ್ದವು. ಆದರೆ ಅಲ್ಲಿ ಮಾನಸಿಕ ಆಸ್ಪತ್ರೆಯೂ ಇತ್ತಲ್ಲ, ಮದ್ರಾಸಿನವರ ಬಾಯಲ್ಲಿ ಆ ಬಡಾವಣೆಗೆ ಉಳಿದದ್ದು ಅದೊಂದೇ ಗುರುತು. ಆ ಹೆಸರು ಒಂದು ಮನೆಗೆ ಅಂಟಿತೆಂದರೆ ಸಂಬಂಧ ಕೇಳಿಕೊಂಡು ಯಾರೂ ಬರುತ್ತಿರಲಿಲ್ಲ.

*

ಮುಂದಿನ ಶನಿವಾರ ವಿನೋದಾ ಹೋಟೆಲಿಗೆ ಬರುವುದಿಲ್ಲ ಎಂದು ಹಟ ಹಿಡಿದಳು. ಅಪ್ಪ ವಿಷ್ಣುತೀರ್ಥರಾಯರು ಬಿಡಲಿಲ್ಲ. ಹೊರಗಿನದು ಮುಟ್ಟದ ಜಾನಕಮ್ಮನಿಗೆ ಗೊತ್ತಿಲ್ಲದ ಹಾಗೆ ಅಪ್ಪ ಮಗಳು ಉಳಿಸಿಕೊಂಡಿದ್ದ ಒಂದೇ ಒಂದು ಸುಖ ಅದು.

ಸುಬ್ರಾಯ ಲೋಟ ತಂದು ಅವಳ ಮುಂದಿಟ್ಟ. ಹೊಗೆಯಾಡುತ್ತಿತ್ತು.

"ಕುಡೀಬೇಕು ಅಂತ ಏನೂ ಇಲ್ಲ," ಎಂದ ಮೆಲ್ಲಗೆ. "ಹಿಡ್ಕೊಳ್ಳಿ. ಆರಿದ ಮೇಲೆ ಬೇರೆ ತರ್ತೇನೆ."

ವಿನೋದಾ ಅವನನ್ನೇ ನೋಡಿದಳು.

'ಇವನಿಗೆ ಹೇಗೆ ಗೊತ್ತಾಯ್ತು?'

ಹೌದು, ಅವಳು ಕಾಫಿ ತರಿಸುತ್ತಿದ್ದದ್ದು ಕುಡಿಯುವುದಕ್ಕಲ್ಲ. ಬಿಸಿ ಲೋಟವನ್ನು ಅಂಗೈಗಳ ನಡುವೆ ಇಟ್ಟುಕೊಂಡರೆ ಗೆಣ್ಣುಗಳ ನೋವು ಸ್ವಲ್ಪ ಹೊತ್ತು ಸಡಿಲವಾಗುತ್ತಿತ್ತು. ವಾರದಲ್ಲಿ ಅವಳಿಗೆ ಸಿಗುತ್ತಿದ್ದ ನೆಮ್ಮದಿ ಅಷ್ಟೇ. ಅದನ್ನು ಅಪ್ಪನಿಗೂ ಹೇಳಿರಲಿಲ್ಲ.

ಲೋಟ ಆರಿತು. ಅವನು ಇನ್ನೊಂದು ತಂದ. ಆರಿದ್ದನ್ನು ಮುಖ ಸಿಂಡರಿಸದೆ ಒಳಗೆ ಕೊಂಡುಹೋದ.

ಹಾಗೇ ಶನಿವಾರಗಳು ಕಳೆದವು. ಎಲೆ ಅಡಿಕೆ ತರಲು ಹೋದ ಅಪ್ಪ ತಿರುಗಿ ಬರುವುದು ಯಾಕೋ ವಾರದಿಂದ ವಾರಕ್ಕೆ ತಡವಾಗತೊಡಗಿತು. ರಾಯರು ಅಷ್ಟೇನೂ ದಡ್ಡರಲ್ಲ.

"ನಿಮ್ಮ ಕನ್ನಡ ಕೇಳಿದ್ರೆ ಅರ್ಧ ತಮಿಳು ಕಲಿತ ಹಾಗಾಗ್ತದೆ ಮಾರಾಯ್ರೆ," ಎಂದ ಸುಬ್ರಾಯ ಒಂದು ದಿನ.

"ನಿಮ್ಮದು ಮಾತ್ರ? ಪುಸ್ತಕ ಓದಿದ ಹಾಗೆ ಇರುತ್ತೆ. 'ಉಂಟು, ಉಂಟು' ಅಂತ. ಕೇಳೋಕೆ ಸಿರಿಪ್ಪು ಬರುತ್ತೆ."

"ಸಿರಿಪ್ಪು ಅಂದ್ರೆ?"

"ನಗು."

"ಹಾಗಾದ್ರೆ ಬರ್ಲಿ. ನೀವು ನಕ್ಕದ್ದು ನಾನು ನೋಡಿದ್ದೇ ಇಲ್ಲ."

ವಿನೋದಾ ನಕ್ಕಳು. ನಕ್ಕ ಮೇಲೆ ಅವಳಿಗೇ ಗಾಬರಿಯಾಯಿತು, ತನ್ನ ಒಳಗೆ ಇದು ಇನ್ನೂ ಉಳಿದಿತ್ತೇ ಎಂದು.

*

ಆ ನಗುವಿನ ಆಯುಸ್ಸು ಕಡಿಮೆ.

ಆಸ್ಪತ್ರೆಯಲ್ಲಿ ಒಂದು ಶನಿವಾರ ಹೊಸದಾಗಿ ಬಂದ ಡಾಕ್ಟರ್ ಕಲಾವತಿ ಅವಳ ಮಂಡಿ, ಮಣಿಕಟ್ಟು ಎಲ್ಲ ನೋಡಿದರು. ಆಮೇಲೆ ಸ್ಟೆತಾಸ್ಕೋಪ್ ಪಕ್ಕಕ್ಕಿಟ್ಟು ಕೇಳಿದರು.

"ಕೀಲಿನದು ಆಯ್ತು. ಮನಸ್ಸು ಹೇಗಿದೆಯಮ್ಮ? ಬೆಳಗ್ಗೆ ಎದ್ದಾಗ ಏನನ್ನಿಸುತ್ತೆ?"

ಇಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ.

"ಏಳೋದೇ ಬೇಡ ಅನ್ನಿಸುತ್ತೆ, ಡಾಕ್ಟರ್. ಯಾವತ್ತೂ."

ಕಲಾವತಿ ಗಾಬರಿಪಡಲಿಲ್ಲ, ಬುದ್ಧಿಯನ್ನೂ ಹೇಳಲಿಲ್ಲ. ರಾಯರ ಕಡೆ ತಿರುಗಿದರು. "ಇಷ್ಟು ದಿನ ನೋವು ತಿಂದ ಮೈಯ ಜೊತೆ ಮನಸ್ಸೂ ಕುಸಿಯುತ್ತೆ. ಅದೂ ಕಾಯಿಲೆಯೇ, ಇವರ ತಪ್ಪಲ್ಲ. ಕೀಲ್ಪಾಕಿನಲ್ಲಿ ನನಗೆ ಗೊತ್ತಿರೋ ಡಾಕ್ಟರ್ ಇದ್ದಾರೆ. ಒಂದು ಸಲ ತೋರಿಸಿ."

ಕೀಲ್ಪಾಕ್ ಎಂದ ಕೂಡಲೇ ರಾಯರು ಎದ್ದು ನಿಂತುಬಿಟ್ಟರು.

"ಬೇಡಾ ಡಾಕ್ಟರ್. ನಮ್ಮ ಹುಡುಗಿಗೆ ಹಾಗೆಲ್ಲಾ ಏನೂ ಇಲ್ಲ. ಕೈ ನೋವು, ಅಷ್ಟೇ."

ಅಲ್ಲಿಂದ ಹೋಟೆಲಿಗೆ ಬಂದ ಅಪ್ಪ ಕಾಫಿ ಅರ್ಧಕ್ಕೇ ಬಿಟ್ಟು ಹೊರಗೆ ಹೋದರು. ವಿನೋದಾ ಬಿಸಿ ಲೋಟ ಹಿಡಿದು ಕೂತಿದ್ದಳು. ಕಣ್ಣೀರು ಲೋಟದೊಳಕ್ಕೇ ಬೀಳುತ್ತಿತ್ತು.

ಸುಬ್ರಾಯ ಎದುರಿಗೆ ಬಂದು ನಿಂತ.

"ನಿಮ್ಮ ಅಪ್ಪನ ಹತ್ರ ಒಂದು ಮಾತು ಕೇಳ್ಬೇಕು ಅಂತ ಉಂಟು. ಮೊದಲು ನಿಮ್ಮ ಹತ್ರ ಕೇಳ್ತೇನೆ. ನನ್ನನ್ನು ಮದುವೆ ಆಗ್ತೀರಾ?"

ಲೋಟದ ಬಿಸಿ ವಿನೋದಾಳ ತೋಳಿನವರೆಗೆ ಏರಿದ ಹಾಗಾಯಿತು. 'ನನ್ನನ್ನ? ಈ ಕೈಗಳನ್ನ ನೋಡಿದ ಮೇಲೂ?'

ಅವಳು ಉತ್ತರ ಕೊಡುವಷ್ಟರಲ್ಲಿ ಕೌಂಟರಿನ ಕಡೆಯಿಂದ ಯಾರೋ ಸುಬ್ರಾಯನನ್ನು ಕರೆದರು. "ಈಗ ಬಂದೆ," ಎಂದು ಅವನು ಹೋದ. ಪಕ್ಕದ ಮೇಜು ಒರೆಸುತ್ತಿದ್ದ ಮುದುಕ ಮೋನಪ್ಪ, ಅವನ ಊರಿನವನೇ, ಎಲ್ಲ ಕೇಳಿಸಿಕೊಂಡಿದ್ದ. ಪಾಪ, ಒಳ್ಳೆಯ ಮನಸ್ಸಿನಿಂದಲೇ ಬಾಯಿ ಬಿಟ್ಟ.

"ಹೂಂ ಅನ್ನಿ ಅಮ್ಮ. ಅವನ ಅಕ್ಕ ಜಲಜಾಕ್ಷಿಗೂ ಬಾಣಂತನ ಆದ ಮೇಲೆ ಹೀಗೆಯೇ ಕೈಕಾಲು ಊದಿದ್ದು. ಮಾತೇ ಬಿಟ್ಟಿದ್ಲು. ಕಡೆಗೆ ಬಾವಿಗೆ ಹಾರಿದ್ಲು. ಆವತ್ತಿಂದ ಅವನಿಗೆ ಮನಸ್ಸಿಗೆ ಸಮಾಧಾನ ಅಂತ ಇಲ್ಲ. ನಿಮ್ಮನ್ನು ನೋಡಿಕೊಂಡ್ರೆ ಅಕ್ಕನನ್ನು ನೋಡಿಕೊಂಡ ಹಾಗಾಗ್ತದೆ ಅವನಿಗೆ."

ಅಂಗೈಯ ಲೋಟ ಒಮ್ಮೆಲೇ ಆರಿಹೋದಂತಾಯಿತು.

'ಓ... ಅದಕ್ಕಾ?'

ಅವನು ತಿರುಗಿ ಬಂದಾಗ ವಿನೋದಾ ಎದ್ದು ನಿಂತಿದ್ದಳು.

"ನಿಮ್ಮ ಅಕ್ಕ ಹೋದದ್ದು ಕೇಳಿ ಸಂಕಟ ಆಯ್ತು. ಆದ್ರೆ ಅವರ ಜಾಗದಲ್ಲಿ ಕೂತ್ಕೊಳ್ಳೋಕೆ ನಾನು ಬರೋದಿಲ್ಲ. ಕನಿಕರ ಎಲ್ಲಾ ನನಗೆ ಮನೆಯಲ್ಲೇ ಬೇಕಾದಷ್ಟು ಸಿಗುತ್ತೆ."

ಸುಬ್ರಾಯ ಮಾತಿನಲ್ಲಿ ಚುರುಕಲ್ಲ. ಅಕ್ಕನ ಹೆಸರು ಕೇಳಿದ ಕೂಡಲೇ ಅವನ ಬಾಯಿ ಕಟ್ಟಿತು. 'ಅಲ್ಲ' ಎಂಬ ಒಂದು ಮಾತು ಗಂಟಲಿನಿಂದ ಹೊರಡುವಷ್ಟರಲ್ಲಿ ಅವಳು ಅಪ್ಪನ ತೋಳು ಹಿಡಿದು ರಸ್ತೆ ದಾಟಿಯಾಗಿತ್ತು.

*

ಆಮೇಲೆ ವಿನೋದಾ ಆಸ್ಪತ್ರೆಗೂ ಹೋಗಲಿಲ್ಲ.

ಊತ ಏರಿತು. ಜಡೆ ಹೆಣೆದುಕೊಳ್ಳಲು ಆಗದೆ ಕೂದಲು ಗಂಟುಗಟ್ಟಿತು. ಅಪ್ಪ ಕರೆದರೆ ಗೋಡೆಯ ಕಡೆ ತಿರುಗುತ್ತಿದ್ದಳು. ರಾಯರು ಶನಿವಾರ ಒಬ್ಬರೇ ಹೋಟೆಲಿಗೆ ಹೋಗಿ, ಕಾಫಿ ಮುಂದಿಟ್ಟುಕೊಂಡು ಕೂತು ಬರುತ್ತಿದ್ದರು. ಮಗಳು ಹೇಗಿದ್ದಾರೆ ಎಂದು ಸುಬ್ರಾಯ ಕೇಳುತ್ತಿದ್ದ. ರಾಯರು ತಲೆ ಅಲ್ಲಾಡಿಸುತ್ತಿದ್ದರು. ಮನೆಗೆ ಬರಲೇ ಎಂದು ಅವನು ಕೇಳಲಿಲ್ಲ. ಅವಳು ಬೇಡ ಎಂದಿದ್ದಳಲ್ಲ.

ಮಲಗಿದಲ್ಲಿಂದ ವಿನೋದಾಗೆ ಹಿತ್ತಲ ಬಾಗಿಲು ಕಾಣುತ್ತಿತ್ತು. ಬಾಗಿಲಾಚೆ ಬಾವಿ. ಬರಬರುತ್ತ ಅವಳು ಅದನ್ನೇ ನೋಡುತ್ತಿದ್ದಳು.

'ನಾನಿಲ್ಲದಿದ್ರೆ ಅಪ್ಪ ನಿರಾಳವಾಗಿರ್ತಾರೆ. ಅಮ್ಮ ಅಳೋದು ನಿಲ್ಲುತ್ತೆ...'

ಈ ಯೋಚನೆ ಎಷ್ಟು ಸುಳ್ಳು ಎಂದು ನಿಮಗೆ ಗೊತ್ತು, ನನಗೆ ಗೊತ್ತು. ಆದರೆ ಕುಸಿದ ಮನಸ್ಸು ಇದನ್ನು ಎಷ್ಟು ಸಮಾಧಾನದ ದನಿಯಲ್ಲಿ ಹೇಳುತ್ತದೆಂದರೆ, ಕೇಳಿಸಿಕೊಳ್ಳುವವರಿಗೆ ಅದೇ ಸತ್ಯ.

ಒಂದು ಬೆಳಗ್ಗೆ ಅವಳು ಎದ್ದಳು. ಗೋಡೆ ಹಿಡಿದು, ಹಲ್ಲು ಕಚ್ಚಿ, ಹಿತ್ತಲಿಗೆ ಬಂದಳು. ಇನ್ನೂ ನಸುಗತ್ತಲೆ. ಬಾವಿಕಟ್ಟೆಯ ಕಲ್ಲು ತಣ್ಣಗಿತ್ತು. ಅದರ ಮೇಲೆ ಎರಡು ಕೈ ಊರಿ ನಿಂತಳು.

ನೀರು ಕಪ್ಪಗಿತ್ತು.

ತಾನು ಯಾವತ್ತೂ ನೋಡದ ಒಬ್ಬಳು ಹೆಂಗಸು ಆಗ ಅವಳ ನೆನಪಿಗೆ ಬಂದಳು. ಜಲಜಾಕ್ಷಿ. ಅವಳೂ ಹೀಗೇ ನಿಂತಿದ್ದಳೇ? ಅವಳ ಕೈಗೂ ಕಲ್ಲು ಇಷ್ಟೇ ತಣ್ಣಗಿತ್ತೇ? ಮನಸ್ಸು ಹೇಗಿದೆಯಮ್ಮ ಎಂದು ಅವಳನ್ನು ಯಾರಾದರೂ ಕೇಳಿದ್ದರೇ?

'ಕೇಳಿರಲಿಕ್ಕಿಲ್ಲ. ನನ್ನನ್ನ ಒಬ್ಬರು ಕೇಳಿದ್ರು. ನಾನು ಉತ್ತರ ಹೇಳಿಯೂ ಆಗಿತ್ತು...'

"ಯಾರದು? ವಿನೋದಾ?"

ಬಚ್ಚಲ ಕಡೆಯಿಂದ ಜಾನಕಮ್ಮ ಬಂದಳು. ಒದ್ದೆ ಸೀರೆ, ಸೊಂಟದಲ್ಲಿ ಬಿಂದಿಗೆ. ಮಗಳು ತಾನಾಗಿ ಎದ್ದದ್ದು ಕಂಡು ಮೊದಲು ಅವಳಿಗೆ ಸಂತೋಷವೇ ಆಯಿತು.

"ಸ್ನಾನ ಆಗದೆ ಬಾವಿ ಹತ್ರ ಬರಬಾರದು ಕಣೇ. ದೂರ ನಿಲ್ಲು, ಮಡಿ."

ವಿನೋದಾ ತಿರುಗಲಿಲ್ಲ.

"ಅಮ್ಮಾ, ನನ್ನನ್ನ ಕೀಲ್ಪಾಕ್‌ಗೆ ಕರ್ಕೊಂಡು ಹೋಗು."

"ಚೀ, ಬೆಳಬೆಳಗ್ಗೆ ಏನೇ ಮಾತು ಇದು..."

"ಕರ್ಕೊಂಡು ಹೋಗಮ್ಮ. ಇಲ್ಲಾಂದ್ರೆ ನಾನು ಉಳಿಯೋದಿಲ್ಲ. ನನಗೆ ಭಯ ಆಗ್ತಾ ಇದೆ."

ಜಾನಕಮ್ಮನ ಕಣ್ಣು ಮಗಳ ಮುಖದಿಂದ ಕಲ್ಲಿನ ಮೇಲಿದ್ದ ಕೈಗಳಿಗೆ ಹೋಯಿತು. ಅಲ್ಲಿಂದ ಬಾವಿಯೊಳಕ್ಕೆ.

ಬಿಂದಿಗೆ ಕೆಳಗೆ ಬಿದ್ದು ಉರುಳಿತು. ಮದುವೆಯಾಗಿ ಬಂದ ದಿನದಿಂದ ಒಂದು ಬೆಳಗ್ಗೆಯೂ ಮಡಿ ಕೆಡಿಸಿಕೊಳ್ಳದ ಜಾನಕಮ್ಮ ಓಡಿಬಂದು, ಒದ್ದೆ ಸೀರೆಯಲ್ಲೇ ಮಗಳನ್ನು ಬಾಚಿ ತಬ್ಬಿಕೊಂಡಳು.

"ಹೋಗೋಣ. ಇವತ್ತೇ ಹೋಗೋಣ. ಯಾರು ಏನು ಬೇಕಾದ್ರೂ ಅಂದ್ಕೊಳ್ಳಲಿ, ನನ್ನ ಕಂದಾ. ನಾನೇ ಬರ್ತೀನಿ."

ಮೈಯೆಲ್ಲ ನೋಯುತ್ತಿದ್ದರೂ ವಿನೋದಾ ಅಮ್ಮನನ್ನು ಬಿಡಲಿಲ್ಲ. ಆ ದಿನ ಆ ಮನೆಯಲ್ಲಿ ದೇವರಿಗೆ ನೈವೇದ್ಯ ಬಹಳ ತಡವಾಯಿತು.

*

ಕೀಲ್ಪಾಕಿನ ಡಾಕ್ಟರು ಅವಳ ಮಾತನ್ನು ಪೂರ್ತಿ ಕೇಳಿದರು. ನಡುವೆ ಗಡಿಯಾರ ನೋಡಲಿಲ್ಲ. ಬೆರಳು ಮೊದಲಿನಂತಾಗುತ್ತದೆ ಎಂಬ ಸುಳ್ಳನ್ನೂ ಹೇಳಲಿಲ್ಲ.

"ಬೇಗ ಆಗೋ ಕೆಲಸ ಅಲ್ಲ. ಆದ್ರೆ ಈ ಭಾರ ಇಳಿಯುತ್ತೆ. ಇಳಿಯೋವರೆಗೆ ಒಬ್ಬರೇ ಹೊರಬೇಡಿ," ಎಂದರು.

ಅಳುತ್ತಲೇ ವಿನೋದಾ ತಲೆಯಾಡಿಸಿದಳು. ಗೇಟಿನವರೆಗೆ ಅಮ್ಮನ ಹೆಗಲು ಹಿಡಿದು ಬಂದಳು. ಬೇವಿನ ಮರದ ಕೆಳಗೆ ಯಾರೋ ನಿಂತಿದ್ದರು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಫ್ಲಾಸ್ಕು.

ಅವಳ ಕಾಲು ಅಲ್ಲೇ ನಿಂತಿತು.

"ನಾನೇ ಹೇಳಿದೆನಮ್ಮ," ಎಂದರು ಹಿಂದೆ ಬರುತ್ತಿದ್ದ ರಾಯರು ನೆಲ ನೋಡುತ್ತ. ಬೆಳಗ್ಗೆಯೇ ಹೆಂಡತಿಗೆ ಹೋಟೆಲಿನ ಗುಟ್ಟನ್ನೆಲ್ಲ ಒಪ್ಪಿಸಿ ಮಂಗಳಾರತಿ ಮಾಡಿಸಿಕೊಂಡಾಗಿತ್ತು.

ಜಾನಕಮ್ಮ ಸುಬ್ರಾಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನೇನಾ ಕಾಫಿ ಹುಡುಗ?"

"ಹೌದಮ್ಮ. ನಿಮಗೂ ಕೊಡ್ಲಾ?"

"ನನಗೆ ಬೇಡಪ್ಪ, ನಾನು ಹೊರಗಿನದು ಮುಟ್ಟೋದಿಲ್ಲ." ಜಾನಕಮ್ಮ ಒಂದು ಗಳಿಗೆ ತಡೆದಳು. "ಅವಳಿಗೆ ಕೊಡು."

ಅಷ್ಟು ಹೇಳಿ ಗಂಡನನ್ನು ಕರೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದಳು.

ಸುಬ್ರಾಯ ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ಹಿತ್ತಾಳೆ ಲೋಟ ತೆಗೆದು ಕಾಫಿ ಬಗ್ಗಿಸಿ ಅವಳ ಅಂಗೈಗಳ ನಡುವೆ ಇಟ್ಟ. ಬಿಡಲಿಲ್ಲ. ಅವಳ ಕೈಗಳ ಸುತ್ತ ತನ್ನ ಕೈ ಹಾಗೇ ಇರಿಸಿದ, ನೋವಾಗದ ಹಾಗೆ.

"ಆವತ್ತು ಉತ್ತರ ಹೇಳ್ಲಿಕ್ಕೆ ತಡವಾಯ್ತು ನಂಗೆ," ಎಂದ. "ಅಕ್ಕ ಬಿಸಿ ಗಂಜಿಯ ಪಾತ್ರೆ ಹಿಡ್ಕೊಂಡು ಕೂತಿರ್ತಿದ್ಲು. ಊರಿಗೆ ಹೋದಾಗ ನೋಡಿದ್ದೆ. ಯಾಕೆ ಅಂತ ಕೇಳ್ಲಿಲ್ಲ. ಕೇಳ್ಬೇಕಿತ್ತು."

ಅವನ ದನಿ ಒಡೆಯಿತು.

"ನಿಮಗೆ ಹಿಡ್ಕೊಳ್ಳಿ ಅಂತ ಕೊಟ್ಟ ಮೊದಲನೇ ಲೋಟ ಅಕ್ಕನ ನೆನಪಿನಿಂದ ಕೊಟ್ಟದ್ದೇ. ಸುಳ್ಳು ಹೇಳುವುದಿಲ್ಲ. ಅದು ಆರಿದ ಮೇಲೆ ತಂದದ್ದು ನಿಮಗೆ. ಆಮೇಲಿನದು ಎಲ್ಲ ನಿಮಗೆ."

"ನನ್ನ ಕೈ ಸರಿ ಹೋಗೋದಿಲ್ಲ. ಮನಸ್ಸೂ ಯಾವಾಗ ಸರಿ ಹೋಗುತ್ತೋ ಗೊತ್ತಿಲ್ಲ. ಕೆಲವು ದಿನ ಮಾತೇ ಆಡೋದಿಲ್ಲ ನಾನು."

"ಆಡ್ಬೇಡಿ. ನಾನು ಪಕ್ಕದಲ್ಲಿ ಕೂತಿರ್ತೇನೆ."

"ಬೆಳಗ್ಗೆ ಹೊತ್ತು ತುಂಬಾ ಕಷ್ಟ."

"ನಂಗೆ ಬೆಳಗ್ಗೆ ಬೇಗ ಎದ್ದು ಹಾಲು ಕಾಯಿಸಿ ಅಭ್ಯಾಸ ಉಂಟು. ಕೈ ಯಾವಾಗಲೂ ಬಿಸಿಯೇ ಇರ್ತದೆ."

ವಿನೋದಾ ಅವನನ್ನು ನೋಡಿದಳು. ಆಮೇಲೆ ಲೋಟವನ್ನು ಮೆಲ್ಲಗೆ ಮೇಲೆತ್ತಿದಳು. ಅವನ ಕೈ ಅವಳ ಕೈಯ ಜೊತೆಯೇ ಮೇಲೆ ಬಂತು. ಮೊದಲ ಸಲ ಅವಳು ಅವನ ಕಾಫಿ ಕುಡಿದಳು. ಒಂದು ಗುಟುಕು. ಇನ್ನೊಂದು.

ಸುಬ್ರಾಯ ಉಸಿರು ಬಿಗಿಹಿಡಿದು ನಿಂತಿದ್ದ.

"ಹೇಗುಂಟು?"

"ಸಕ್ಕರೆ ಜಾಸ್ತಿ."

"ಮೊದಲಿಂದಲೂ ಅಷ್ಟೇ ಹಾಕ್ತಾ ಇದ್ದೇನೆ. ನೀವು ಕುಡಿದ್ರೆ ಅಲ್ವಾ ಹೇಳುವುದು?"

ವಿನೋದಾಳ ಕಣ್ಣು ತುಂಬಿ ಬಂತು.

"ನಾಳೆಯಿಂದ ಹೇಳ್ತೀನಿ."